ಕೆಂಪು ಗೀಟಿನ ಕೆಳಗಿನ ಆನೆ

ಟ್ರಂಕಿನ ಮುಚ್ಚಳ ತೆರೆದಾಗ ಮೊದಲು ಬಂದದ್ದು ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ರಬ್ಬರಿನದು, ಹಳೆಯ ಕಾಗದದ್ದು. ಸಂಭಾಜಿನಗರದ ನಮ್ಮ ಮನೆ ಖಾಲಿ ಮಾಡಿದಾಗ ನಾಸಿಕಕ್ಕೆ ಬಂದದ್ದು ಈ ಟ್ರಂಕೊಂದೇ. ಒಳಗೆ ನನ್ನ ಮತ್ತು ತಂಗಿ ಗಿರಿಜೆಯ ದಿನಚರಿ ವಹಿಗಳು. ಅವಳ ಬಗ್ಗೆ ನಾಲ್ಕು ಪುಟ ಬರೆಯಬೇಕೆಂದು ಈ ವಾರ ನಾಲ್ಕು ಸಲ ಕೂತಿದ್ದೇನೆ, ನಾಲ್ಕು ಸಲವೂ ಎದ್ದಿದ್ದೇನೆ. ಒಮ್ಮೆ ಗ್ಯಾಸ್ ನೋಡಲು, ಒಮ್ಮೆ ಕಿಟಕಿ ಮುಚ್ಚಲು, ಉಳಿದೆರಡು ಸಲ ಸುಮ್ಮನೆ. ಹಿಡಿದ ಕೆಲಸ ಮುಗಿಸದೆ ಏಳುವವಳಲ್ಲ ನಾನು.

ಬೀದರಿನಿಂದ ನೌಕರಿಗೆ ಬಂದ ಅಪ್ಪನಿಗೆ, ಮರಾಠಿ ಶಾಲೆಗೆ ಹೋಗುವ ಮಕ್ಕಳು ಕನ್ನಡ ಮರೆತಾರೆಂಬ ಭಯ. ಬೆಳಗ್ಗೆ ಸ್ನಾನವಾದ ಮೇಲೆ ನಿನ್ನೆಯ ದಿನದ ಬಗ್ಗೆ ಕನ್ನಡದಲ್ಲಿ ಐದು ಸಾಲು ಬರೆದು ಅಪ್ಪನ ಸಹಿ ಹಾಕಿಸಿಕೊಂಡರೇ ಚಹಾ. ನಾನು ನಡೆದದ್ದನ್ನಷ್ಟೇ ಬರೆಯುತ್ತಿದ್ದೆ: ನಳದ ನೀರು ಬಂತು, ಅವ್ವ ರೊಟ್ಟಿ ಮಾಡಿದಳು. ಗಿರಿಜೆಗೆ ಅಷ್ಟು ಸಾಲದು. ಒಂದು ದಿನ, ಬಚ್ಚಲ ಒಲೆಯ ಹೊಗೆ ಇನ್ನೂ ಪಡಸಾಲೆಯಲ್ಲಿ ಆಡುತ್ತಿರುವಾಗ, ಅಪ್ಪ ಅವಳ ವಹಿ ಹಿಡಿದು ಕೇಳಿದರು:

“ನಮ್ಮ ಗಲ್ಲಿಗಿ ಆನಿ ಯಾವಾಗ ಬಂದಿತ್ತವ್ವಾ?”

“ನಿನ್ನಿ ಬಂದಿತ್ರಿ ಅಪ್ಪಾ. ನೀವು ಡ್ಯೂಟಿಗಿ ಹೋಗಿದ್ರಿ.”

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಪ್ಪ ನಗಲಿಲ್ಲ. ಕೆಂಪು ಪೆನ್ಸಿಲಿನಿಂದ ಆ ಸಾಲಿನ ಮೇಲೆ ಗೀಟೆಳೆದು, “ಆಗಿದ್ದು ಬರೀಬೇಕು” ಎಂದರು. ಮರುದಿನ ಆನೆ ಮತ್ತೆ ಬಂದು ಬಾಳೆಹಣ್ಣು ತಿಂದುಹೋಯಿತು. ಮತ್ತೆ ಗೀಟು.

ಆ ಮಳೆಗಾಲದಲ್ಲಿ ಜ್ವರ ಬಂದು ಐದೇ ದಿನಕ್ಕೆ ಗಿರಿಜೆ ಹೋದಳು. ಅವಳಿಗೆ ಎಂಟು ವರ್ಷ, ನನಗೆ ಹನ್ನೊಂದು. ಮರುದಿನ ಬೆಳಗ್ಗೆಯೂ ನಾನು ಬರೆದೆ. ಯಾರೂ ಹೇಳಿರಲಿಲ್ಲ, ರೂಢಿ. ‘ನಿನ್ನೆ ಶಾಲೆಗೆ ಹೋಗಲಿಲ್ಲ. ಮನೆಗೆ ಬಹಳ ಮಂದಿ ಬಂದಿದ್ದರು.’ ಕೆಳಗೆ ಅಪ್ಪನ ಸಹಿ ಇದೆ. ಈ ವಾರ ಆ ವಹಿಯನ್ನು ಹಿಂದುಮುಂದು ತಿರುವಿ ಓದಿದೆ. ನೀರು ಬಂದ ಹೊತ್ತೆಲ್ಲ ಸರಿಯಾಗಿದೆ. ತಂಗಿ ಹೇಗೆ ನಗುತ್ತಿದ್ದಳೆಂಬುದು ಎಲ್ಲೂ ಇಲ್ಲ. ಹೋದವರನ್ನು ನೀವೂ ಹೀಗೆ ನಿಮ್ಮದೇ ಅಕ್ಷರಗಳಲ್ಲಿ ಹುಡುಕಿ ಬರಿಗೈಯಲ್ಲಿ ಎದ್ದಿರಬಹುದು.

ಇಂದು ಧೈರ್ಯ ಮಾಡಿ ಅವಳ ವಹಿ ತೆರೆದೆ. ಕೆಂಪು ಗೀಟುಗಳಿರಬೇಕಾದ ಕಡೆಯಲ್ಲೆಲ್ಲ ಕಾಗದ ಸವೆದು ತೆಳ್ಳಗಾಗಿದೆ, ಮಾಸಲು ಗುಲಾಬಿ ಬಣ್ಣ ಉಳಿದಿದೆ. ರಬ್ಬರಿನಿಂದ ಉಜ್ಜಿದ್ದಾರೆ. ಟ್ರಂಕಿನ ಕೀಲಿಕೈ ಇದ್ದದ್ದು ಅಪ್ಪನ ಬಳಿ ಮಾತ್ರ. ಆನೆ ಬಂದ ಸಾಲನ್ನು ಎಷ್ಟು ಉಜ್ಜಿದ್ದಾರೆಂದರೆ ಹಾಳೆಯೇ ತೂತಾಗಿದೆ. ಗೀಟಿನ ಜೊತೆ ಆನೆಯೂ ಹೋಗಿದೆ.

ಐದನೆಯ ಸಲ ಕೂತೆ. ಮೊದಲ ಸಾಲು ಬರೆದೆ: ‘ನಿನ್ನೆ ನಮ್ಮ ಗಲ್ಲಿಗೆ ಆನೆ ಬಂದಿತ್ತು.’ ಹಿಂದೆ ನಿಂತಿದ್ದ ಮೊಮ್ಮಗಳು ಅಕ್ಷರ ಕೂಡಿಸಿಕೊಂಡು ಓದಿದಳು.

“ಆಜೀ, ಖರಂಚ್? ನಿಜಕ್ಕೂ ಆನೆ ಬಂದಿತ್ತಾ?”

“ಬಂದಿತ್ತವ್ವಾ. ನಾ ಸಾಲಿಗಿ ಹೋಗಿದ್ದೆ.”