ಮೈದಾನದ ಗಂಟೆ ಸೈಕಲ್ಲುಗಳು

ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ನಕ್ಕು ಎದ್ದು ಹೋಗುವ ಆಸಾಮಿ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡಕ್ಕೆ ತಾಗಿ ಒಂದು ಖಾಲಿ ಮೈದಾನ, ಅದರಾಚೆ ಕಲಬುರ್ಗಿ ಕಡೆಯ ಕೂಲಿಗಳ ಝೋಪಡಿಗಳು, ತಗಡಿನ ಗುಡಿಸಲುಗಳು. ಸ್ಟೇಷನ್ನಿಗೆ ಹೋಗಲು ಅವರಿಗಿದ್ದದ್ದು ಅದೊಂದೇ ದಾರಿ. ಸೊಸೈಟಿಯವರು ಬೇಲಿ ಹಾಕಲು ಹೊರಟಾಗ ಭೀಮಣ್ಣನೆಂಬ ಹಮಾಲ ಒಂದು ಉಪಾಯ ಹೂಡಿದ. ಊರಿನಿಂದ ಎತ್ತಿನ ಕೊರಳ ಗಂಟೆಗಳನ್ನು ತರಿಸಿ, ಒಂದೊಂದು ಸೈಕಲ್ಲಿಗೂ ಬೇರೆ ಬೇರೆ ನಾದದ್ದನ್ನು ಕಟ್ಟಿದ. ಪ್ರತಿ ಭಾನುವಾರ ಸಂಜೆ ಹತ್ತು ಹನ್ನೆರಡು ಸೈಕಲ್ಲುಗಳು ಮೈದಾನ ಸುತ್ತುತ್ತಿದ್ದವು.

"ಜಾಗ ನಮ್ದಲ್ರಿ, ದಾರಿ ನಮ್ದು. ನಾವ್ ಅದೀವಿ ಅಂತ ಕೇಳಿಸ್ಬೇಕಲ್ರಿ," ಎನ್ನುತ್ತಿದ್ದ ಭೀಮಣ್ಣ.

ಸುಳ್ಳೇಕೆ ಹೇಳಲಿ, ಕೇಳಲು ಚೆನ್ನಾಗಿಯೇ ಇತ್ತು. ಆದರೂ ಗಲಾಟೆಯೆಂದು ಪೊಲೀಸರಿಗೆ ದೂರು ಕೊಡಲು ಸಾಕ್ಷಿ ಬೇಕೆಂದು ಸೊಸೈಟಿಯ ಸೆಕ್ರೆಟರಿ ಹೇಳಿದ್ದಕ್ಕೆ, ಬಾಲ್ಕನಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಅದನ್ನು ಕೆಳಗಿನಿಂದ ಕಂಡ ಭೀಮಣ್ಣ ಖುಷಿಯಿಂದ ಕೈ ಬೀಸಿದ. ಅಂದು ಯಾರೂ ಬೀಳಲಿಲ್ಲ, ಏನೂ ಆಗಲಿಲ್ಲ.

ಮರುದಿನ ಟೇಪ್ ಹಾಕಿದರೆ, ಕೊನೆಯಲ್ಲಿ ಗಂಟೆಗಳು ತಟ್ಟನೆ ನಿಂತವು. ಕಬ್ಬಿಣ ಬಿದ್ದ ಸದ್ದು, "ಯವ್ವಾ!" ಎಂಬ ಚೀರಾಟ, ಹಿಂದೆಯೇ ಯಾರದೋ ನಗು.

ಹೆಂಡತಿ ಅಡುಗೆಮನೆಯಿಂದ ಬಂದಳು. "ಇದು ನೀವು ನಗಾಡಿದ್ದಲ್ವಾ ಮಾರಾಯ್ರೆ?"

"ನಿನ್ನ ತಲೆ!" ಎಂದೆ. ಹಳೆಯದೇನೋ ಉಳಿದಿರಬೇಕು ಎನ್ನೋಣವೆಂದರೆ, ಹೊಸ ಕ್ಯಾಸೆಟ್ಟು. ನಾನೇ ಬಿಚ್ಚಿದ್ದು.

ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಸೆಕ್ರೆಟರಿ ಮೈದಾನದ ತಿರುವಿನಲ್ಲಿ ಸಣ್ಣ ತಂತಿಯೊಂದನ್ನು ಎಳೆದು ಕಟ್ಟಿಸಿದ. ನನಗೆ ಗೊತ್ತಿತ್ತು. ಸಂಜೆ ಭೀಮಣ್ಣ ಗೇಟಿನ ಹತ್ತಿರ ನನ್ನನ್ನೇ ಕೇಳಿದ: "ಸಾಹೇಬ್ರ, ಸೊಸೈಟಿ ಮಂದಿ ಏನರ ಮಾಡ್ತಾರೇನ್ರಿ?"

"ಏನಿಲ್ಲ ಭೀಮಣ್ಣ, ಬಿಂದಾಸ್ ಸುತ್ತಿ," ಎಂದೆ. ನಮ್ಮ ಕಟ್ಟಡದಲ್ಲಿ ಕನ್ನಡದವನು ನಾನೊಬ್ಬನೇ. ಅದಕ್ಕೇ ನಂಬಿದ.

ಬಾಲ್ಕನಿಯಲ್ಲಿ ನಿಂತು ನೋಡಿದೆ. ಟೇಪಿನಲ್ಲಿದ್ದಂತೆಯೇ ಗಂಟೆಗಳು ನಿಂತವು, ಕಬ್ಬಿಣ ಬಿತ್ತು, ಭೀಮಣ್ಣ ಚೀರಿದ. ನಗು ನನ್ನ ಗಂಟಲಿನಿಂದಲೇ ಬಂತು. ಥೂ! ತಡೆಯಲು ನೋಡಲೂ ಇಲ್ಲ ನಾನು. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಭೀಮಣ್ಣನ ಬೆನ್ನುಮೂಳೆ ಮುರಿಯಿತು. ವಾರದೊಳಗೆ ಬೇಲಿಯೂ ಬಂತು. ಇನ್ನೂ ನಡೆಯದೇ ಇದ್ದದ್ದರ ಸದ್ದು ಆ ಕ್ಯಾಸೆಟ್ಟಿನೊಳಗೆ ಹೇಗೆ ಹೊಕ್ಕಿತೋ, ಇಷ್ಟು ವರ್ಷವಾದರೂ ನನಗೆ ಅರ್ಥವಾಗಿಲ್ಲ. ನಿಮಗೆ ಅರ್ಥವಾದರೆ ಹೇಳಿ.

ಆಸ್ಪತ್ರೆಗೆ ಹೋದೆ, ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದೇ ಹೋದೆ. ಭೀಮಣ್ಣ ನನ್ನ ಕೈ ಹಿಡಿದುಕೊಂಡ.

"ಇನ್ನ ಸೈಕಲ್ ಇಲ್ರಿ ನನಗ. ನೀವು ನಮ್ಮ ಗಂಟಿ ಟೇಪ್ ಮಾಡಿದ್ರಲ್ಲ, ಒಂದ್ಸಲ ಕೇಳಸ್ರಿ, ಸಾಕು."

"ಟೇಪ್ ಹಾಳಾಯ್ತು ಭೀಮಣ್ಣ," ಎಂದೆ. ಅದು ಮನೆಯ ಕಪಾಟಿನಲ್ಲೇ ಇತ್ತು.

"ಹೋಗ್ಲಿ ಬಿಡ್ರಿ," ಎಂದು ಅವನೇ ನನ್ನ ಕೈ ಸವರಿದ. "ಇದ್ರಾಗ ನಿಮ್ದೇನ್ ತಪ್ಪದರಿ?"