ಅಮ್ಮನ ಬಾಯಿಂದ ಮೊದಲು ಬಂದ ಮಾತು

ಕೆಳಗೆ ಅಡುಗೆಮನೆಯಲ್ಲಿ ಹೆಂಡತಿ ಡಿಕಾಕ್ಷನ್ ಇಳಿಸುತ್ತಿದ್ದಾಳೆ. ಚಿಕೋರಿ ಬೆರೆತ ಆ ವಾಸನೆ ಮೆಟ್ಟಿಲು ಹತ್ತಿ ನನ್ನನ್ನು ಹುಡುಕಿಕೊಂಡು ಬರುತ್ತಿದೆ. ನನ್ನ ಮುಂದಿರುವುದು ಪುದೀನ ಎಲೆ ತೇಲುವ ಬಿಸಿನೀರು. ಕೆಲವು ವರ್ಷಗಳಿಂದ ನಾನು ಕಾಫಿ ಮುಟ್ಟಿಲ್ಲ. ಗ್ಯಾಸ್ಟ್ರಿಕ್ಕೇ ಎಂದು ಕೇಳಬೇಡಿ, ಎಲ್ಲರೂ ಕೇಳಿಯಾಗಿದೆ. ಕಾರಣ ಪ್ರಾಚೀನ ಇಸ್ರೇಲಿನ ಒಬ್ಬ ದಳಪತಿ.

ಹರಕೆ ನನಗೆ ಹೊಸದೇನಲ್ಲ. ಕೆಮ್ಮುವವನ ಜೇಬಿನಲ್ಲಿ ಶುಂಠಿ ಇರುವಂತೆ ಚಿಂತೆ ಮಾಡುವವನ ನಾಲಿಗೆಯ ಮೇಲೆ ಹರಕೆ ಇರುತ್ತದೆ. ವೀಸಾ ನವೀಕರಣಕ್ಕೆ ಒಂದು ತೆಂಗಿನಕಾಯಿ, ಕಳುವಾದ ಸೈಕಲ್ಲಿಗೆ ಇನ್ನೊಂದು. ಸೈಕಲ್ ಸಿಗಲಿಲ್ಲ, ಕಾಯಿ ಉಳಿಯಿತು.

ಆ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಡಚ್ಚರ ನಾಡಿನ ಎನ್ಸ್‌ಕೆಡೆಗೆ, ನಮ್ಮ ಮನೆಗೆ ಬಂದಿದ್ದಳು. ಪಕ್ಕದ ಮನೆಯ ಟ್ರೂಸ್ ಅಜ್ಜಿ ಭಾನುವಾರ ಚರ್ಚಿನಲ್ಲಿ ಕೇಳಿದ ಕಥೆಯನ್ನು ಬಿಸಿ ಆರುವ ಮೊದಲೇ ತಂದು ನಮಗೆ ಬಡಿಸುತ್ತಿದ್ದರು. ಡಚ್ಚಿನಿಂದ ಕನ್ನಡಕ್ಕೆ ದಾಟಿಸುವ ಕೆಲಸ ನನ್ನದು. ಅಂದಿನ ಕಥೆ ಹೀಗಿತ್ತು: ಯುದ್ಧಕ್ಕೆ ಹೊರಟ ದಳಪತಿ ದೇವರಿಗೆ ಹರಕೆ ಹೊತ್ತ. ಗೆಲ್ಲಿಸು, ಮರಳಿ ಬಂದಾಗ ನನ್ನ ಮನೆ ಬಾಗಿಲಿನಿಂದ ಮೊದಲು ಏನು ಎದುರು ಬರುತ್ತದೋ ಅದನ್ನು ನಿನಗೆ ಬಲಿಯಾಗಿ ಅರ್ಪಿಸುತ್ತೇನೆ. ಗೆದ್ದು ಬಂದ. ದಮ್ಮಡಿ ಬಡಿಯುತ್ತಾ ಕುಣಿದು ಬಂದವಳು ಅವನ ಒಬ್ಬಳೇ ಮಗಳು.

ಟ್ರೂಸ್ ಅಜ್ಜಿ ಕಣ್ಣೊರೆಸಿಕೊಂಡರು. ಅಮ್ಮ ರೇಗಿದಳು. "ಬುದ್ಧಿ ಬೇಡ್ವೇನೋ ಆ ಗಂಡಸಿಗೆ? ಹರಕೆ ಹೊರೋವಾಗ ಎಲ್ಲಾನೂ ಬಿಡಿಸಿ ಹೇಳ್ಬೇಕು. ಬೆಳ್ಳಿ ಕಣ್ಣು ಕೊಡ್ತೀನಿ ಅಂತ ಮಾತ್ರ ಅಂದ್ರೆ ಆಗುತ್ತಾ? ಎಷ್ಟು ದಪ್ಪ ಅಂತಾನೂ ಹೇಳಿರ್ಬೇಕು."

ಇದನ್ನು ನಾನು ಅನುವಾದಿಸಲಿಲ್ಲ.

ಅದಾದ ಮೇಲೊಂದು ದಿನ ಅಮ್ಮನಿಗೆ ಆಮ್ಸ್ಟರ್‌ಡ್ಯಾಮ್ ತೋರಿಸಿ ಮರಳುತ್ತಿದ್ದೆ. ನಮ್ಮ ರೈಲು ಆಮರ್ಸ್‌ಫೋರ್ಟಿನಲ್ಲಿ ಎರಡು ತುಂಡಾಗುತ್ತಿತ್ತು. ಮುಂದಿನ ತುಂಡು ಎನ್ಸ್‌ಕೆಡೆಗೆ, ಹಿಂದಿನದು ಉತ್ತರಕ್ಕೆ. ಅಮ್ಮನನ್ನು ಸರಿಯಾಗಿ ಮುಂದಿನದರಲ್ಲೇ ಕೂರಿಸಿ, ಕಾಫಿ ತರುತ್ತೇನೆಂದು ಹೇಳಿ ಇಳಿದೆ. ಸೀಟಿ ಕೇಳಿತು. ಲೋಟ ಹಿಡಿದು ಓಡಿ, ಹತ್ತಿರವಿದ್ದ ಬಾಗಿಲಿಗೆ ಹಾರಿದೆ. ಒಳಗೇ ನಡೆದು ಅಮ್ಮನ ಬಳಿಗೆ ಹೋಗೋಣವೆಂದು ಡಬ್ಬಿಯಿಂದ ಡಬ್ಬಿಗೆ ದಾಟಿದರೆ, ಒಂದು ಕಡೆ ರೈಲೇ ಮುಗಿದುಹೋಯಿತು. ನಾನು ಹತ್ತಿದ್ದು ಹಿಂದಿನ ತುಂಡು; ಅಮ್ಮನಿದ್ದ ತುಂಡು ಆಗಲೇ ಹೊರಟಿತ್ತು.

ಅವಳಿಗೆ ಡಚ್ ಬಾರದು. ಕಳೆದುಹಾಕಿಯಾಳೆಂದು ಅವಳ ಫೋನನ್ನೂ ನನ್ನ ಚೀಲದಲ್ಲೇ ಭದ್ರವಾಗಿಟ್ಟಿದ್ದೆ.

ಮುಂದಿನ ನಿಲ್ದಾಣಕ್ಕೆ ಇನ್ನೂ ಬಹಳ ಹೊತ್ತಿತ್ತು. ಆಗ ಹರಕೆ ಹೊತ್ತೆ: ದೇವರೇ, ಅಮ್ಮ ಸಿಕ್ಕಲಿ. ಸಿಕ್ಕಾಗ ಅವಳ ಬಾಯಿಂದ ಮೊದಲು ಯಾವ ಮಾತು ಬರುತ್ತದೋ ಅದನ್ನು ಜೀವವಿರುವ ತನಕ ನಡೆಸುತ್ತೇನೆ. ಇದರಲ್ಲೂ ನನ್ನ ಜಾಣತನವಿತ್ತು ನೋಡಿ. ಹುಟ್ಟಿದಾಗಿನಿಂದ ಅಮ್ಮ ನನ್ನನ್ನು ಕಂಡೊಡನೆ ಕೇಳುವುದು ಒಂದೇ, "ಊಟ ಆಯ್ತಾ?" ಅಂದಮೇಲೆ ಹೊತ್ತು ಹೊತ್ತಿಗೆ ಉಂಡುಕೊಂಡಿದ್ದರೆ ಹರಕೆ ತೀರಿದಂತೆಯೇ. ಪಾಪ, ಆ ದಳಪತಿಯೂ ಆಡೋ ಕುರಿಯೋ ಎದುರು ಬರುತ್ತದೆಂದುಕೊಂಡಿದ್ದಿರಬೇಕು.

ಹಿಂದಕ್ಕೆ ಬಂದು, ಬೇರೆ ರೈಲು ಹಿಡಿದು ಎನ್ಸ್‌ಕೆಡೆಯಲ್ಲಿ ಇಳಿದರೆ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೈಚೀಲ ಅಪ್ಪಿಕೊಂಡು ಅಮ್ಮ. ಅದೇ ಕೊನೆಯ ನಿಲ್ದಾಣ, ಎಲ್ಲರ ಜೊತೆ ಇಳಿದು ಕೂತಿದ್ದಾಳೆ. ನಾನು ಹತ್ತಿರ ಹೋದೆ. ಅವಳ ತುಟಿ ಅದುರಿತು.

"ಈ ಹಾಳು ಕಾಫೀನ ಇನ್ಮೇಲೆ ನೀನು ಮುಟ್ಟಕೂಡದು!"

ಮಾತು ಬಂದುಬಿಟ್ಟಿತ್ತು. ಮೇಲಿಂದ ಇನ್ನೊಂದು: "ನೀನು ಸಿಕ್ಕಿದ್ರೆ ದೇವಸ್ಥಾನದಲ್ಲಿ ಉರುಳು ಸೇವೆ ಅಂತ ಹರಕೆ ಹೊತ್ತಿದೀನಿ. ನೀನೇ ಮಾಡ್ಬೇಕು."

"ನಾನ್ಯಾಕಮ್ಮಾ? ಹೊತ್ತಿದ್ದು ನೀನು!"

"ನನ್ಗೆ ಮಂಡಿನೋವಲ್ವೇನೋ."

ಇವತ್ತು ಡಿಕಾಕ್ಷನ್ ವಾಸನೆ ತಡೆಯಲಾರದೆ ಅಮ್ಮನಿಗೆ ಫೋನ್ ಮಾಡಿ, ಇಷ್ಟು ವರ್ಷ ಮುಚ್ಚಿಟ್ಟಿದ್ದ ನನ್ನ ಹರಕೆಯನ್ನು ಹೇಳಿದೆ. "ಅವತ್ತೊಂದು ದಿನ ಊಟ ಆಯ್ತಾ ಅಂತ ಯಾಕಮ್ಮಾ ಕೇಳ್ಲಿಲ್ಲ?"

"ಬಾಯಿಗೆ ಬಂದಿತ್ತು ಕಣೋ. ಕೇಳಿದ್ರೆ ಅತ್ಬಿಡ್ತಿದ್ದೆ. ಅಷ್ಟು ಜನರ ಮುಂದೆ ಯಾಕೆ ಅಂತ ಬೈದೆ." ಮತ್ತೆ, "ಬೈದಿದ್ದನ್ನೆಲ್ಲಾ ಯಾರಾದ್ರೂ ಹರಕೆ ಅಂತ ನಡೆಸ್ತಾರಾ? ದೇವರ ಹತ್ರ ನಾನು ಮಾತಾಡ್ಕೋತೀನಿ. ಹೋಗಿ ಕುಡಿಯೋ."

ಆ ದಳಪತಿಗೆ ಹೀಗೆ ಹೇಳಲು ಯಾರೂ ಇರಲಿಲ್ಲವಲ್ಲ ಎನಿಸಿತು. ಕೆಳಗಿಳಿದು ಹೆಂಡತಿಯ ಮುಂದೆ ಲೋಟ ಚಾಚಿದೆ. ಅವಳು ಕಾಫಿ ಸುರಿದಳು. ಮೊದಲ ಗುಟುಕು ಗಂಟಲಲ್ಲಿ ಇಳಿಯುತ್ತಿತ್ತು, ಕಿವಿಯಲ್ಲಿ ಅಮ್ಮ ಇನ್ನೂ ಇದ್ದಳು.

"ಉರುಳು ಸೇವೆ ಮಾತ್ರ ಬಿಡೋ ಹಾಗಿಲ್ಲ. ಅದು ನನ್ನ ಹರಕೆ. ಅಂದ ಹಾಗೆ, ಊಟ ಆಯ್ತಾ?"