ಮನೆಮನೆಯ ಅರ್ಧ ಕಪ್ ಚಹಾ

ಗಜೇಂದ್ರಗಡದ ನಮ್ಮ ಓಣಿಯ ಸೀರೆ ನೇಕಾರರೊಬ್ಬರು ಯಾರ ಮನೆಯಲ್ಲಿ ಚಹಾ ಕೊಟ್ಟರೂ, “ಅರ್ಧಾ ಸಾಕ್ರಿ” ಎನ್ನುತ್ತಿದ್ದರು. ಕಿಡ್ನಿ ಕೆಟ್ಟಿದ್ದರಿಂದ ಡಾಕ್ಟರು ಅವರ ಕುಡಿಯುವ ನೀರಿಗೂ ಮಿತಿ ಹಾಕಿದ್ದರು. ಆದರೆ ಬೇಡವೆಂದರೆ ಮನೆಯವರು ಮುನಿಸಿಕೊಂಡಾರೆಂದು, ಎಲ್ಲ ಮನೆಗಳ ಅರ್ಧವನ್ನೂ ಕುಡಿದೇ ಬರುತ್ತಿದ್ದರು. ರೋಣದ ದವಾಖಾನೆಯಲ್ಲಿ ಡಯಾಲಿಸಿಸ್‌ಗೆ ಮೊದಲು ತೂಕ ನೋಡುವ ನರ್ಸ್, “ಕಾಕಾ, ಇಡೀ ಓಣಿ ಚಾ ಹೊಟ್ಟ್ಯಾಗ ಹೊತ್ಕೊಂಡ ಬಂದೀರಲ್ರಿ!” ಎಂದು ಗದರುತ್ತಿದ್ದಳು.

“ಅರ್ಧಾನ ಕುಡದೀನವಾ” ಎಂದು ಇವರು ಮುಖ ಸಣ್ಣದು ಮಾಡುತ್ತಿದ್ದರು.

ಕಡೆಗೆ ಹೆಂಡತಿಯೇ ತಮ್ಮದೊಂದು ಕಿಡ್ನಿ ಕೊಟ್ಟರು. ಚೇತರಿಸಿಕೊಂಡ ಮೇಲೆ ಇಬ್ಬರೂ ನಮ್ಮ ಮನೆಗೆ ಬಂದಾಗ, “ಡಾಕ್ಟರ ಈಗ ಭಾಳ ಕುಡೀರಿ ಅಂದಾರ” ಎಂದು ಆಕೆಯೇ ಹೇಳಿದರು. ನಾನು ಕಪ್ಪು ತುಂಬಿಸಿಯೇ ಕೊಟ್ಟೆ.

ಅವರು ಹೆಂಡತಿ ಕುಡಿದಿಟ್ಟ ಖಾಲಿ ಕಪ್ಪನ್ನು ಹತ್ತಿರ ಎಳೆದು, ಅಳೆದಂತೆ ಅರ್ಧ ಸುರಿದು, ನನ್ನತ್ತ ನೋಡಿ ನಕ್ಕರು: “ಅರ್ಧಾ ಸಾಕ್ರಿ.”